ಬಾಡಿಗೆಯೋ, ಖರೀದಿಯೋ, ಟೊರೆಂಟೋ? ಸಿನಿಮಾ, ಗೇಮ್, ಟಿವಿಗೆ ದಾರಿ ಆರಿಸಿಕೊಳ್ಳುವ ಬಗೆ

ದೀಪಾವಳಿಗೆ ಊರಿಗೆ ಹೋಗಿದ್ದಾಗ ಒಂದೇ ದಿನ ಮೂರು ಜನ ನನ್ನ ಹತ್ತಿರ ಒಂದೇ ಮಾತು ಹೇಳಿದರು: "ಲಿಂಕ್ ಇದ್ರೆ ಕಳ್ಸು." ಅಂದರೆ ದುಡ್ಡು ಕೊಡದೆ ಇಳಿಸಿಕೊಳ್ಳುವ ಲಿಂಕ್. ಒಂಬತ್ತನೇ ಕ್ಲಾಸಿನ ಅಕ್ಕನ ಮಗನಿಗೆ ಒಂದು ಕಾರ್ ರೇಸಿಂಗ್ ಗೇಮ್ ಬೇಕಿತ್ತು. ಡಲ್ಲಾಸ್‌ನಲ್ಲಿರುವ ಗೆಳೆಯನಿಗೆ ಆಗಷ್ಟೇ ಥಿಯೇಟರಿನಿಂದ ಇಳಿದ ಕನ್ನಡ ಸಿನಿಮಾ. ಅಪ್ಪನಿಗೆ ಹೈಸ್ಕೂಲಿನಲ್ಲಿದ್ದಾಗ ಟೂರಿಂಗ್ ಟಾಕೀಸಿನಲ್ಲಿ ನೋಡಿದ ಕಪ್ಪು-ಬಿಳುಪು ಚಿತ್ರ. ಮೂವರೂ ಕೇಳಿದ್ದು ಒಂದೇ ಆದರೂ ಮೂವರಿಗೆ ಮೂರು ಬೇರೆ ಉತ್ತರ ಕೊಡಬೇಕಾಯಿತು. ಆ ಉತ್ತರಗಳನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಪಿಯುಸಿ ರಜೆಯಲ್ಲಿ ಎರಡು ತಿಂಗಳು ನಾನೊಂದು ಸಿ.ಡಿ. ಬಾಡಿಗೆ ಅಂಗಡಿಯ ಗಲ್ಲಾದಲ್ಲಿ ಕೂತಿದ್ದೆ. ಮೇಲಿನ ಶೆಲ್ಫಿನಲ್ಲಿ ಒರಿಜಿನಲ್, ಕೆಳಗಿನ ಡ್ರಾಯರಿನಲ್ಲಿ "ಇನ್ನೊಂದು". ಗಿರಾಕಿ ಒಳಗೆ ಬಂದು "ಪ್ರಿಂಟ್ ಹೆಂಗಿದೆ?" ಅಂದರೆ ಡ್ರಾಯರ್ ತೆಗೆಯಬೇಕು ಅಂತ ಅರ್ಥ. ಬೆಂಗಳೂರಿಗೆ ಬಂದ ಮೇಲೆ ನ್ಯಾಷನಲ್ ಮಾರ್ಕೆಟ್ಟಿನ ಸಣ್ಣ ಸಣ್ಣ ಅಂಗಡಿಗಳಲ್ಲಿ ಗೇಮ್ ಡಿಸ್ಕ್‌ಗಳನ್ನು ರಾಶಿ ಹಾಕಿ ಮಾರುವುದನ್ನು ನೋಡಿದೆ. ನಮ್ಮ ತಲೆಮಾರಿನ ಬಹಳಷ್ಟು ಮಂದಿ ಗೇಮ್ ಆಡುವುದನ್ನು ಕಲಿತದ್ದೇ ಹಾಗೆ. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಆಗ ಇಲ್ಲದ ದಾರಿಗಳು ಈಗ ಇವೆ. ಆಗ ಇಲ್ಲದ ಮೋಸಗಳೂ ಇವೆ, ಅದರಲ್ಲಿ ಕೆಲವು ದುಡ್ಡು ಕೊಟ್ಟು ಕೊಳ್ಳುವ ದಾರಿಯಲ್ಲೇ ಇವೆ.

ಯಾವುದನ್ನೇ ಆರಿಸುವ ಮುಂಚೆ ನಾನು ಕೇಳಿಕೊಳ್ಳುವುದು ಮೂರು. ಇದು ನನ್ನ ಹತ್ತಿರ ಎಷ್ಟು ಕಾಲ ಇರಬೇಕು? ದುಡ್ಡು ಕೊಟ್ಟ ಮೇಲೂ ಇದನ್ನು ವಾಪಸ್ ಕಿತ್ತುಕೊಳ್ಳುವ ಅಧಿಕಾರ ಯಾರ ಕೈಯಲ್ಲಿದೆ? ಮಾಡಿದವರು ಈಗಲೂ ಇದರಿಂದಲೇ ಅನ್ನ ತಿನ್ನುತ್ತಿದ್ದಾರಾ? ಬೆಲೆಯ ಪ್ರಶ್ನೆ ಇವು ಮುಗಿದ ಮೇಲೆ.

ಮೊದಲು ಕಾನೂನು: ಸಿನಿಮಾ ನೋಡುವವನಿಗೊಂದು, ಗೇಮ್ ಆಡುವವನಿಗೊಂದು

"ನೋಡಿದ್ರೆ ಜೈಲಾ?" ಅನ್ನುವ ಭಯವೂ ಇದೆ, "ಏನೂ ಆಗಲ್ಲ ಬಿಡು" ಅನ್ನುವ ಧೈರ್ಯವೂ ಇದೆ. ಎರಡೂ ಅರ್ಧ ಸತ್ಯ.

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದರ 63ನೇ ಕಲಮಿನ ಪ್ರಕಾರ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಈ ಅಪರಾಧಕ್ಕೆ ಪೊಲೀಸರು ವಾರಂಟ್ ಇಲ್ಲದೆಯೇ ಹಿಡಿಯಬಹುದು, ಇದು ಜಾಮೀನುರಹಿತ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಹಾಗಂತ ಮನೆಯಲ್ಲಿ ಕೂತು ನೋಡುವುದೇ ಅಪರಾಧವೇ? 2016ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಈ ಮಾತು ಬಂತು. ಬ್ಲಾಕ್ ಮಾಡಿದ ವೆಬ್‌ಸೈಟ್‌ಗಳ ಮೇಲೆ "ವೀಕ್ಷಿಸಿದರೂ ಶಿಕ್ಷೆ" ಎಂಬರ್ಥದ ಎಚ್ಚರಿಕೆ ಕಾಣಿಸುತ್ತಿತ್ತು. ಅಪರಾಧ ಇರುವುದು ನೋಡುವುದರಲ್ಲಲ್ಲ. ಅನುಮತಿ ಇಲ್ಲದೆ ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರಾಟಕ್ಕೋ ಬಾಡಿಗೆಗೋ ಕೊಡುವುದು, ಅಲ್ಲಿದೆ ಎಂದು ನ್ಯಾಯಾಲಯ ಬಿಡಿಸಿ ಹೇಳಿತು.

ಇಷ್ಟು ಕೇಳಿ ಟೊರೆಂಟ್ (ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ಫೈಲ್ ಸಾಗಿಸುವ ವಿಧಾನ) ಹಾಕುವವರು ನಿಟ್ಟುಸಿರು ಬಿಡುತ್ತಾರೆ. ಬಿಡಬಾರದು. ಟೊರೆಂಟ್ ಕೆಲಸ ಮಾಡುವುದೇ ನೀವು ಇಳಿಸಿಕೊಂಡ ತುಂಡನ್ನು ಅದೇ ಹೊತ್ತಿಗೆ ಇನ್ನೊಬ್ಬರಿಗೆ ಕೊಡುವುದರಿಂದ. ಸೀಡ್ ಮಾಡುವುದು ಅಂದರೆ ಹಂಚುವುದು. ನೋಡುವವನು ಅಂದುಕೊಂಡು ಕೂತವನು ತನಗೆ ಗೊತ್ತಿಲ್ಲದೆ ವಿತರಕನಾಗಿರುತ್ತಾನೆ. ಟೆಲಿಗ್ರಾಂ ಗುಂಪಿನಲ್ಲಿ ಬಂದ ಫೈಲನ್ನು ಮನೆ ಗ್ರೂಪಿಗೆ ಫಾರ್ವರ್ಡ್ ಮಾಡಿದ ಮಾವನೂ ಅದೇ ಸಾಲಿನಲ್ಲಿ ನಿಲ್ಲುತ್ತಾನೆ.

ಗೇಮಿನ ಕಥೆ ಇನ್ನೂ ಬಿಗಿ, ಇದು ಬಹಳ ಜನರಿಗೆ ಗೊತ್ತಿಲ್ಲ. ಕಾನೂನಿನ ಕಣ್ಣಿಗೆ ಗೇಮ್ ಒಂದು ಕಂಪ್ಯೂಟರ್ ಪ್ರೋಗ್ರಾಂ. ಅದಕ್ಕೆ 63ಬಿ ಅಂತ ಬೇರೆಯೇ ಕಲಮಿದೆ: ನಕಲಿ ಪ್ರತಿ ಅಂತ ಗೊತ್ತಿದ್ದು ಕಂಪ್ಯೂಟರಿನಲ್ಲಿ ಬಳಸುವುದೇ ಅಪರಾಧ, 7 ದಿನದಿಂದ 3 ವರ್ಷದವರೆಗೆ ಜೈಲು. ವ್ಯಾಪಾರಕ್ಕೆ ಬಳಸಿಲ್ಲದಿದ್ದರೆ ಕೋರ್ಟು ಜೈಲು ಬಿಟ್ಟು 50 ಸಾವಿರದ ಒಳಗೆ ದಂಡ ಹಾಕಬಹುದು, ಅಷ್ಟೇ ರಿಯಾಯಿತಿ. ಖಾಸಗಿ ಬಳಕೆಗೆ ಅಂತ ಕಾಯ್ದೆ ಕೊಡುವ ನ್ಯಾಯಯುತ ಬಳಕೆಯ ವಿನಾಯಿತಿಯನ್ನು ಬರೆಯುವಾಗಲೂ ಕಂಪ್ಯೂಟರ್ ಪ್ರೋಗ್ರಾಂ ಹೊರತುಪಡಿಸಿ ಅಂತಲೇ ಬರೆದಿದ್ದಾರೆ. ಆದರೆ ಒಂದು ಒಳ್ಳೆಯ ಬಾಗಿಲು ತೆರೆದಿಟ್ಟಿದ್ದಾರೆ. ನೀವು ಸರಿಯಾಗಿ ಪಡೆದುಕೊಂಡ ಪ್ರೋಗ್ರಾಮಿನ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು, ಸ್ವಂತ ಬಳಕೆಗೆ ಪ್ರತಿ ತೆಗೆದುಕೊಳ್ಳಬಹುದು; 52ನೇ ಕಲಮು ಅದನ್ನು ಉಲ್ಲಂಘನೆ ಅನ್ನುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಥಿಯೇಟರಿನಲ್ಲಿ ಮೊಬೈಲ್ ಎತ್ತಿ ಹಾಡೋ ಕ್ಲೈಮ್ಯಾಕ್ಸೋ ರೆಕಾರ್ಡ್ ಮಾಡಿ ಸ್ಟೇಟಸ್ ಹಾಕುವ ಚಟಕ್ಕೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಬಂದಿದೆ: 3 ತಿಂಗಳಿಂದ 3 ವರ್ಷ ಜೈಲು, ದಂಡ 3 ಲಕ್ಷದಿಂದ ಶುರುವಾಗಿ ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೆ. ಇನ್ನು ಕರ್ನಾಟಕದಲ್ಲಿ ಎಲ್ಲರೂ ಗೂಂಡಾ ಕಾಯ್ದೆ ಅಂತ ಕರೆಯುವ ಕಾನೂನಿನ ಹೆಸರಿನಲ್ಲೇ ವಿಡಿಯೋ, ಆಡಿಯೋ ಪೈರಸಿ ಮಾಡುವವರೂ ಇದ್ದಾರೆ, 2014ರ ತಿದ್ದುಪಡಿಯಲ್ಲಿ ಡಿಜಿಟಲ್ ಅಪರಾಧಿಗಳೂ ಸೇರಿದರು. ಅದು ವ್ಯಾಪಾರವಾಗಿ ಮಾಡುವವರಿಗೆ ಬೀಸಿದ ಬಲೆ. ವಿಚಾರಣೆ ಇಲ್ಲದೆ ಬಂಧನದಲ್ಲಿಡುವ ಕಾಯ್ದೆಯೊಳಗೆ ಸಿ.ಡಿ. ಮಾರುವವನನ್ನು ಸೇರಿಸಿದ್ದು ನನಗೆ ಇವತ್ತಿಗೂ ಅತಿ ಅನ್ನಿಸುತ್ತದೆ.

ಹೊಸ ಕನ್ನಡ ಸಿನಿಮಾ: ಇಲ್ಲಿ ನನಗೆ ಗೊಂದಲವೇ ಇಲ್ಲ

ಡಲ್ಲಾಸ್ ಗೆಳೆಯನಿಗೆ ಲಿಂಕ್ ಕಳಿಸಲಿಲ್ಲ. ಅವನು ಬೇಜಾರು ಮಾಡಿಕೊಂಡ.

ಸಣ್ಣ ಕನ್ನಡ ಚಿತ್ರದ ಆಯುಸ್ಸು ಶುಕ್ರವಾರದಿಂದ ಭಾನುವಾರ. ಆ ಮೂರು ದಿನದಲ್ಲಿ ಸೀಟು ತುಂಬದಿದ್ದರೆ ಸೋಮವಾರ ಶೋ ಕಿತ್ತು ಬೇರೆ ಭಾಷೆಯ ಚಿತ್ರಕ್ಕೆ ಕೊಡುತ್ತಾರೆ. ಬಾಯಿಮಾತು ಹಬ್ಬುವ ಹೊತ್ತಿಗೆ ಚಿತ್ರ ಇರುವುದಿಲ್ಲ. ಆಮೇಲೆ ಓಟಿಟಿ ಕೈ ಹಿಡಿಯುತ್ತದೆ ಅಂದರೆ ಅದೂ ಕಷ್ಟ, ದೊಡ್ಡ ವೇದಿಕೆಗಳು ಕನ್ನಡ ಚಿತ್ರ ಕೊಳ್ಳಲು ಮೀನಮೇಷ ಎಣಿಸುತ್ತವೆ ಅನ್ನುವ ದೂರು ಗಾಂಧಿನಗರದಲ್ಲಿ ಹಳತು. ರಕ್ಷಿತ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ 'ಏಕಂ' ಸರಣಿಯನ್ನು ಯಾವ ವೇದಿಕೆಯೂ ತೆಗೆದುಕೊಳ್ಳದೆ ಹೋದಾಗ 2024ರ ಜುಲೈನಲ್ಲಿ ಅವರೇ ಒಂದು ವೆಬ್‌ಸೈಟ್ ಮಾಡಿ, 149 ರೂಪಾಯಿಗೆ ಏಳು ಕಂತುಗಳನ್ನು ನೇರವಾಗಿ ಪ್ರೇಕ್ಷಕರ ಮುಂದಿಟ್ಟರು. ನಾನು ಮೊದಲ ವಾರವೇ ಕೊಟ್ಟೆ. ಹೆಸರಿರುವವರಿಗೇ ಹೀಗಾದರೆ ಮೊದಲ ಚಿತ್ರ ಮಾಡಿದ ಹುಡುಗನ ಪಾಡು ಊಹಿಸಿಕೊಳ್ಳಿ. ಅಂಥ ಚಿತ್ರದ ನಕಲು ಬಿಡುಗಡೆಯ ಸಂಜೆಯೇ ಟೆಲಿಗ್ರಾಂಗೆ ಬಂದರೆ ನಷ್ಟ ನೇರವಾಗಿ ಬೀಳುವುದು ಅವನ ಎರಡನೇ ಚಿತ್ರದ ಮೇಲೆ.

ಆದ್ದರಿಂದ ಹೊಸ ಕನ್ನಡ ಚಿತ್ರಕ್ಕೆ ನನ್ನ ಕ್ರಮ ಹೀಗಿದೆ: ಆಗುವುದಾದರೆ ಮೊದಲ ಮೂರು ದಿನದಲ್ಲಿ ಥಿಯೇಟರ್, ಆಗದಿದ್ದರೆ ಡಿಜಿಟಲ್ ಬಾಡಿಗೆ, ಅದೂ ಇಲ್ಲದಿದ್ದರೆ ಚಂದಾ ಇರುವ ಓಟಿಟಿಗೆ ಬರುವವರೆಗೆ ಕಾಯುವುದು. ಬಾಡಿಗೆಯ ಬಗ್ಗೆ ಎರಡು ಮಾತು. ಬಾಡಿಗೆ ಪಡೆದ ಚಿತ್ರವನ್ನು ನೋಡಲು ಶುರು ಮಾಡಿದ ಮೇಲೆ ಸಾಮಾನ್ಯವಾಗಿ 48 ಗಂಟೆಯೊಳಗೆ ಮುಗಿಸಬೇಕು, ಹಾಗಾಗಿ ಮಕ್ಕಳು ಮಲಗಿದ ಮೇಲೆ ಶುರು ಮಾಡಿ. ಎರಡನೆಯದು, ಒಂದು ಸಲ ನೋಡಿ ಬಿಡುವ ಚಿತ್ರಕ್ಕೆ ಬಾಡಿಗೆಗಿಂತ ಪ್ರಾಮಾಣಿಕ ವ್ಯವಹಾರ ಇನ್ನೊಂದಿಲ್ಲ. ಬಾಡಿಗೆ ಅಂತ ಹೇಳಿಯೇ ಬಾಡಿಗೆಗೆ ಕೊಡುತ್ತಾರೆ.

ಹೊರದೇಶದ ಕನ್ನಡಿಗರ ಕಷ್ಟ ಮಾತ್ರ ನಿಜವಾದದ್ದು. ಹಕ್ಕುಗಳನ್ನು ದೇಶವಾರು ಮಾರುವುದರಿಂದ ಇಲ್ಲಿ ಸಿಗುವ ಚಿತ್ರ ಅಲ್ಲಿ "ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ" ಅನ್ನುತ್ತದೆ. ವಿಪಿಎನ್ ಹಾಕಿ (ಭಾರತದಲ್ಲೇ ಇದ್ದಂತೆ ತೋರಿಸಿ) ಇಲ್ಲಿನ ಚಂದಾದಲ್ಲೇ ನೋಡುವವರಿದ್ದಾರೆ. ಅದು ವೇದಿಕೆಯ ಷರತ್ತಿನ ಉಲ್ಲಂಘನೆ, ಖಾತೆ ಹೋಗಬಹುದು, ಆದರೆ ಕನಿಷ್ಠ ದುಡ್ಡು ಸೇರುವ ಕಡೆಗೆ ಸೇರುತ್ತದೆ. ಟೊರೆಂಟಿಗೂ ಇದಕ್ಕೂ ನಾನು ಒಂದೇ ಬಣ್ಣ ಬಳಿಯಲಾರೆ. ಅದಕ್ಕಿಂತ ಉತ್ತಮ ದಾರಿ, ಊರಿನ ಕನ್ನಡ ಸಂಘದವರು ವಿತರಕರ ಜೊತೆ ಮಾತಾಡಿ ಒಂದು ಶನಿವಾರ ಮಧ್ಯಾಹ್ನದ ಶೋ ಹಾಕಿಸುವುದು. ಅಮೆರಿಕದ ಹಲವು ಊರುಗಳಲ್ಲಿ ಇದು ನಡೆಯುತ್ತದೆ. ಗೆಳೆಯನಿಗೆ ಅದನ್ನೇ ಹೇಳಿದೆ.

ಗೇಮ್: "ಖರೀದಿ" ಅನ್ನುವ ಪದವನ್ನು ಅನುಮಾನದಿಂದ ನೋಡಿ

ಇಲ್ಲಿ ನಿಧಾನವಾಗಿ ಹೋಗೋಣ, ಯಾಕೆಂದರೆ ಆಯ್ಕೆಗಳು ಹೆಚ್ಚು, ಅವುಗಳ ನಡುವಿನ ವ್ಯತ್ಯಾಸವೂ ದೊಡ್ಡದು.

ಅಕ್ಕನ ಮಗನ ಕೈಯಲ್ಲಿ ಹಬ್ಬಕ್ಕೆ ಬಂದ ಸಾವಿರದೈನೂರು ರೂಪಾಯಿ ಇತ್ತು. ಅವನ ಸ್ನೇಹಿತರೆಲ್ಲ ರಿಪ್ಯಾಕ್ (ಕುಗ್ಗಿಸಿದ ನಕಲಿ ಪ್ರತಿ) ಇಳಿಸಿ ಕ್ರ್ಯಾಕ್ ಹಾಕಿ (ಅದರ ಬೀಗ ಮುರಿದು) ಆಡುವವರು. "ಮಾವ, ಫ್ರೀ ಸಿಗೋದಕ್ಕೆ ಯಾಕೆ ದುಡ್ಡು?" ಅಂತ ಕೇಳಿದ. ಅವನಿಗೆ ನನ್ನದೇ ಕಥೆ ಹೇಳಿದೆ. ಕೆಲವು ವರ್ಷದ ಹಿಂದೆ ನಾನೊಂದು ಕ್ರ್ಯಾಕ್ ಮಾಡಿದ ಗೇಮ್ ಹಾಕಿದೆ. ಸೂಚನೆಯಲ್ಲಿ ಮೊದಲ ಸಾಲೇ "ಆಂಟಿವೈರಸ್ ಆಫ್ ಮಾಡಿ" ಅಂತಿತ್ತು, ಮಾಡಿದೆ. ಗೇಮ್ ಚೆನ್ನಾಗಿಯೇ ಓಡಿತು. ಎರಡು ದಿನದ ಮೇಲೆ ಬೆಳಿಗ್ಗೆ ಎದ್ದರೆ ನನ್ನ ಇಮೇಲ್ ಖಾತೆ ನನ್ನದಾಗಿರಲಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು, ಲಾಗಿನ್ ಆಗಿದ್ದ ಕುಕೀಗಳು, ಎಲ್ಲ ಹೋಗಿದ್ದವು. ಬ್ಯಾಂಕಿಗೆ ಫೋನ್ ಮಾಡುತ್ತಾ ಕಳೆದ ಆ ದಿನವನ್ನು ನಾನು ಮರೆತಿಲ್ಲ. ಸಿನಿಮಾ ಫೈಲ್ ಬರೀ ಚಿತ್ರ ಮತ್ತು ಧ್ವನಿ. ಗೇಮ್ ಅನ್ನುವುದು ನಿಮ್ಮ ಕಂಪ್ಯೂಟರಿನ ಮೇಲೆ ಓಡುವ ಪ್ರೋಗ್ರಾಂ. ಅಪರಿಚಿತನಿಗೆ ಮನೆಯ ಕೀಲಿ ಕೊಟ್ಟ ಹಾಗೆ.

ಸರಿ, ದುಡ್ಡು ಕೊಡುವುದು ಅಂತಾಯಿತು. ಎಲ್ಲಿ?

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಬಹಳ ಜನರಿಗೆ ಗೊತ್ತು. ಬೆಲೆ ರೂಪಾಯಿಯಲ್ಲಿದೆ, ಯುಪಿಐ ನಡೆಯುತ್ತದೆ, ಹಬ್ಬದ ಸೇಲ್‌ಗಳಲ್ಲಿ ಹಳೆಯ ದೊಡ್ಡ ಗೇಮ್‌ಗಳು ಒಂದು ಮಸಾಲೆ ದೋಸೆ ಕಾಫಿಯ ಬೆಲೆಗೆ ಸಿಗುತ್ತವೆ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆ ಮೀರಿರದಿದ್ದರೆ ದುಡ್ಡು ವಾಪಸ್. ಈ ಒಂದು ನಿಯಮ "ಚೆಕ್ ಮಾಡೋಕೆ ಪೈರೇಟ್ ಮಾಡ್ತೀನಿ" ಅನ್ನುವ ಹಳೆಯ ವಾದದ ಬಹುಪಾಲನ್ನು ಮುಗಿಸಿಬಿಟ್ಟಿದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಓಡುತ್ತದಾ ಅಂತ ನೋಡಲು ಎರಡು ಗಂಟೆ ಸಾಕು. ಆದರೆ 2024ರ ಅಕ್ಟೋಬರಿನಿಂದ ಸ್ಟೀಮ್ ಕಾರ್ಟಿನಲ್ಲೇ ಬರೆದು ತೋರಿಸುತ್ತಿದೆ: ನೀವು ಕೊಳ್ಳುತ್ತಿರುವುದು ಪರವಾನಗಿ. ಗೇಮ್ ನಿಮ್ಮದಾಗುವುದಿಲ್ಲ, ಆಡಲು ಅನುಮತಿ ಸಿಗುತ್ತದೆ. ಡಿಜಿಟಲ್ ಸರಕನ್ನು "ಖರೀದಿ" ಅಂತ ಮಾರುವಾಗ ಇದನ್ನು ಸ್ಪಷ್ಟ ಹೇಳಬೇಕು ಅನ್ನುವ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿಯಲ್ಲಿ ಜಾರಿಗೆ ಬಂತು. ಮೊದಲೂ ಅದು ಪರವಾನಗಿಯೇ ಆಗಿತ್ತು, ಹೇಳುತ್ತಿರಲಿಲ್ಲ ಅಷ್ಟೇ.

ಅನುಮತಿಯನ್ನು ವಾಪಸ್ ತೆಗೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಅಕ್ಕನ ಮಗನ ಇಷ್ಟದ ರೇಸಿಂಗ್ ಗೇಮ್‌ಗಳಲ್ಲೇ ಉದಾಹರಣೆ ಇದೆ. ಯೂಬಿಸಾಫ್ಟ್ ಎಂಬ ಗೇಮ್ ಕಂಪನಿ 2014ರ ಡಿಸೆಂಬರಿನಲ್ಲಿ 'ದಿ ಕ್ರೂ' ಬಿಡುಗಡೆ ಮಾಡಿತು. ಒಬ್ಬರೇ ಆಡಬಹುದಾದ ಗೇಮ್, ಆದರೂ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿಗೆ ಜೋಡಿಸಿಕೊಂಡೇ ಓಡಬೇಕು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಅವತ್ತಿನಿಂದ ಪೂರ್ತಿ ಬೆಲೆ ಕೊಟ್ಟು ಕೊಂಡವರ ಬಳಿ ಇದ್ದದ್ದು ತೆರೆಯದ ಒಂದು ಫೈಲು. ಆಮೇಲೆ ಅವರ ಖಾತೆಗಳಿಂದ ಪರವಾನಗಿಯನ್ನೂ ತೆಗೆದರು. ಡಿಸ್ಕ್ ಕೊಂಡವರ ಕೈಯಲ್ಲಿ ಹೊಳೆಯುವ ಪ್ಲಾಸ್ಟಿಕ್ ಉಳಿಯಿತು. ಇದರಿಂದ ಸಿಟ್ಟಿಗೆದ್ದ ರಾಸ್ ಸ್ಕಾಟ್ ಎಂಬವರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರು ಮಾಡಿದರು, ಯುರೋಪಿನ ಅವರ ಅರ್ಜಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಮೀರಿ ಸಹಿ ಬಿತ್ತು. ಅವರು ಕೇಳುತ್ತಿರುವುದು ದೊಡ್ಡದೇನಲ್ಲ: ಅಂಗಡಿ ಮುಚ್ಚುವುದಾದರೆ ಮುಚ್ಚಿ, ಹೋಗುವಾಗ ಗೇಮ್ ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ. ನನಗೆ ಇದು ನೂರಕ್ಕೆ ನೂರು ನ್ಯಾಯ ಅನ್ನಿಸುತ್ತದೆ.

ಕೊಳ್ಳುವವನ ಕೈಗೆ ನಿಜಕ್ಕೂ ವಸ್ತುವನ್ನು ಕೊಡುವ ಅಂಗಡಿ ಜಿಒಜಿ. 2008ರಲ್ಲಿ ಹಳೆಯ ಗೇಮ್‌ಗಳನ್ನು ಮಾರಲು ಶುರುವಾದದ್ದು, ನಕಲು ತಡೆಯುವ ಬೀಗ ಹಾಕದ ಇನ್‌ಸ್ಟಾಲರ್ ಫೈಲನ್ನೇ ಕೊಡುತ್ತದೆ. ಇಳಿಸಿ ಪೆನ್‌ಡ್ರೈವಿನಲ್ಲಿಟ್ಟರೆ ನಾಳೆ ಅಂಗಡಿಯೇ ಇಲ್ಲದಿದ್ದರೂ ಇಂಟರ್ನೆಟ್ಟೇ ಇಲ್ಲದಿದ್ದರೂ ಆಡಬಹುದು. ಮೇಲೆ ಹೇಳಿದ 52ನೇ ಕಲಮಿನ ಬ್ಯಾಕಪ್ ಹಕ್ಕು ಬರೀ ಕಾಗದದ ಮೇಲೆ ಉಳಿಯದೆ ಬಳಕೆಗೆ ಬರುವುದು ಇಂಥ ಅಂಗಡಿಯಲ್ಲಿ. ಕೊರತೆಯೂ ಇದೆ: ಇತ್ತೀಚಿನ ಬಹಳಷ್ಟು ದೊಡ್ಡ ಗೇಮ್‌ಗಳು ಇಲ್ಲಿಗೆ ಬರುವುದಿಲ್ಲ. ಎರಡೂ ಕಡೆ ಒಂದೇ ಗೇಮ್ ಸಿಕ್ಕರೆ ನಾನು ಐವತ್ತು ರೂಪಾಯಿ ಜಾಸ್ತಿಯಾದರೂ ಇಲ್ಲೇ ಕೊಳ್ಳುತ್ತೇನೆ.

ತಿಂಗಳ ಚಂದಾದ ಗೇಮ್ ಪಾಸ್, ಪಿಎಸ್ ಪ್ಲಸ್ ಥರದವು ಪರೀಕ್ಷೆ ಮುಗಿದ ರಜೆಗೆ ಹೇಳಿ ಮಾಡಿಸಿದಂಥವು. ಎರಡು ತಿಂಗಳು ಹಾಕಿಸಿ, ಹೊಟ್ಟೆ ತುಂಬ ಆಡಿ, ನಿಲ್ಲಿಸಿ. ವರ್ಷವಿಡೀ ಕಟ್ಟುತ್ತಾ ತಿಂಗಳಿಗೆ ಒಂದು ಭಾನುವಾರ ಆಡುವವರು ದುಡ್ಡು ನೀರಿಗೆ ಹಾಕುತ್ತಿದ್ದಾರೆ. ಎಪಿಕ್ ಅಂಗಡಿ 2018ರಿಂದ ಉಚಿತವಾಗಿ ಗೇಮ್ ಕೊಡುತ್ತಾ ಬಂದಿದೆ. ಖಾತೆ ತೆರೆದು ಗುರುವಾರ ಗುರುವಾರ ಹೋಗಿ ಒತ್ತಿದರೆ ವರ್ಷದಲ್ಲಿ ಒಂದು ಲೈಬ್ರರಿ ಆಗುತ್ತದೆ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವ ದಾರಿ ಇದು.

ಕನ್ಸೋಲ್ (ಗೇಮ್ ಆಡಲೆಂದೇ ಇರುವ ಯಂತ್ರ) ಇರುವವರಿಗೆ ಡಿಸ್ಕ್ ಇನ್ನೂ ಒಳ್ಳೆಯದು. ಆಡಿ ಮುಗಿಸಿ ಸೆಕೆಂಡ್‌ಹ್ಯಾಂಡ್ ಮಾರಬಹುದು, ತಮ್ಮನಿಗೆ ಕೊಡಬಹುದು. ಆದರೆ ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ. ನಿಂಟೆಂಡೋ ಸ್ವಿಚ್ 2ರ ಕೆಲವು ಕಾರ್ಡುಗಳಲ್ಲಿ ಗೇಮೇ ಇಲ್ಲ, ಇಳಿಸಿಕೊಳ್ಳುವ ಕೀಲಿ ಮಾತ್ರ ಇದೆ.

ಇನ್ನೊಂದು, ಸಣ್ಣ ತಂಡಗಳ ಗೇಮ್‌ಗಳನ್ನು ಪೂರ್ತಿ ಬೆಲೆಗೇ ಕೊಳ್ಳುವುದು ನನ್ನ ವೈಯಕ್ತಿಕ ನಿಯಮ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ 'ರಾಜಿ' ತಂದಾಗ ನಮ್ಮ ಪುರಾಣದ ಲೋಕವನ್ನು ಆ ಮಟ್ಟದ ಚಿತ್ರಕಲೆಯಲ್ಲಿ ನೋಡಿ ಕಣ್ಣು ತುಂಬಿ ಬಂತು. ಕನ್ನಡದಲ್ಲಿ ಮಾತಾಡುವ ಅಂಥದ್ದೊಂದು ಗೇಮ್ ಬರಬೇಕೆಂದರೆ ಅದನ್ನು ಮಾಡುವವರಿಗೆ ಕೊಳ್ಳುವವರಿದ್ದಾರೆ ಅನ್ನುವ ನಂಬಿಕೆ ಬೇಕು.

ಕೊನೆಗೆ ಹುಡುಗ ಏನು ಮಾಡಿದ? ಸದಾ ಆನ್‌ಲೈನ್ ಬೇಡುವ ಹೊಸ ರೇಸಿಂಗ್ ಗೇಮ್ ಬಿಟ್ಟು, ಬೀಗವಿಲ್ಲದ ಎರಡು ಹಳೆಯ ಗೇಮ್ ತೆಗೆದುಕೊಂಡ. ಐದುನೂರರ ಮೇಲೆ ಉಳಿಯಿತು, ಅದಕ್ಕೆ ಪಟಾಕಿ ಬಂತು.

ಟಿವಿ ಮತ್ತು ಚಂದಾಗಳು

ಇದರಲ್ಲಿ ಹೇಳುವುದು ಕಡಿಮೆ. ಓಟಿಟಿಗಳು ಬಂದ ಹೊಸದರಲ್ಲಿ ಪೈರಸಿ ಬಿಟ್ಟವರಲ್ಲಿ ನಾನೂ ಒಬ್ಬ. ಎಲ್ಲ ಒಂದೇ ಕಡೆ, ಕಡಿಮೆ ಬೆಲೆಗೆ, ಜಾಹೀರಾತಿಲ್ಲದೆ. ಈಗ ನಾಲ್ಕು ಕಡೆ ಹಂಚಿಹೋಗಿದೆ. ನೆಟ್‌ಫ್ಲಿಕ್ಸ್ 2023ರಲ್ಲಿ ಪಾಸ್‌ವರ್ಡ್ ಹಂಚಿಕೆ ನಿಲ್ಲಿಸಿತು. ಪ್ರೈಮ್ ವಿಡಿಯೋ 2025ರ ಜೂನ್ 17ರಿಂದ ದುಡ್ಡು ಕೊಟ್ಟವರಿಗೂ ಜಾಹೀರಾತು ತೋರಿಸುತ್ತಿದೆ, ಬೇಡವೆಂದರೆ ವರ್ಷಕ್ಕೆ ಮತ್ತೆ 699 ರೂಪಾಯಿ ಅಂತ ಶುರು ಮಾಡಿತು. ಜನ ಮತ್ತೆ ಟೆಲಿಗ್ರಾಂ ಕಡೆ ತಿರುಗುತ್ತಿರುವುದಕ್ಕೆ ಇದೂ ಕಾರಣ ಅಂತ ನಾನು ನಂಬುತ್ತೇನೆ.

ನಮ್ಮ ಮನೆಯ ಉಪಾಯ ಸರದಿ. ಒಂದು ಹೊತ್ತಿಗೆ ಒಂದೇ ಚಂದಾ, ಎರಡು ತಿಂಗಳಿಗೊಮ್ಮೆ ಬದಲಾವಣೆ, ಆಟೋ-ರಿನ್ಯೂವಲ್ ಮೊದಲ ದಿನವೇ ಆಫ್. ಧಾರಾವಾಹಿ ನೋಡುವ ಅಮ್ಮನಿಗೆ ಮಾತ್ರ ಅವರ ಚಾನೆಲ್ಲಿನ ಆ್ಯಪ್ ವರ್ಷಪೂರ್ತಿ. ಹಳ್ಳಿಯ ಅತ್ತೆ ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದೆ, ತಿಂಗಳ ಬಾಡಿಗೆ ಸೊನ್ನೆ, ಚಂದನ ಬರುತ್ತದೆ, ಅವರಿಗೆ ಅಷ್ಟು ಸಾಕು. ಹಳೆಯ ದೂರದರ್ಶನದ ಕಾರ್ಯಕ್ರಮಗಳನ್ನು ಹುಡುಕುವವರು ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ತಂದ ವೇವ್ಸ್ ಆ್ಯಪನ್ನು ಒಮ್ಮೆ ನೋಡಿ.

ಟಿವಿ ಸರಣಿಗಳನ್ನು ಡಿಜಿಟಲ್ ಆಗಿ "ಕೊಳ್ಳುವುದನ್ನು" ನಾನು ಯಾರಿಗೂ ಹೇಳುವುದಿಲ್ಲ. 2023ರ ಡಿಸೆಂಬರಿನಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ ಗ್ರಾಹಕರಿಗೆ, ನೀವು ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳು ವರ್ಷದ ಕೊನೆಗೆ ನಿಮ್ಮ ಲೈಬ್ರರಿಯಿಂದ ಹೋಗುತ್ತವೆ ಎಂದು ತಿಳಿಸಿತು. ಗಲಾಟೆಯಾದ ಮೇಲೆ ಒಪ್ಪಂದ ಮುಂದುವರಿಸಿ ನಿರ್ಧಾರ ಹಿಂತೆಗೆದುಕೊಂಡರು. ಗಲಾಟೆ ಆಗದಿದ್ದರೆ ಹೋಗಿರುತ್ತಿತ್ತು.

ಎಲ್ಲೂ ಸಿಗದದ್ದು: ಇಲ್ಲಿ ಉತ್ತರ ಸುಲಭವಿಲ್ಲ

ಅಪ್ಪನ ಚಿತ್ರಕ್ಕೆ ಬರೋಣ. ಭಾರತದಲ್ಲಿ ಸಿನಿಮಾದ ಕೃತಿಸ್ವಾಮ್ಯ ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ. 1954ರ 'ಬೇಡರ ಕಣ್ಣಪ್ಪ' 2015ರ ಜನವರಿ 1ಕ್ಕೇ ಸಾರ್ವಜನಿಕ ಸ್ವತ್ತಾಯಿತು. 1964ರ 'ನಾಂದಿ' 2025ರ ಜನವರಿ 1ಕ್ಕೆ. ಅಂಥ ಚಿತ್ರವನ್ನು ಇಳಿಸಿಕೊಂಡರೆ, ಹಂಚಿದರೆ ಪೈರಸಿ ಅನ್ನಲಾಗದು. ಒಂದು ಎಚ್ಚರ: ಹಾಡಿನ ಸಾಹಿತ್ಯ, ಸಂಗೀತಕ್ಕೆ ಲೆಕ್ಕ ಬೇರೆ, ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ. ಹಾಡು ಕತ್ತರಿಸಿ ನಿಮ್ಮ ಚಾನೆಲ್ಲಿಗೆ ಹಾಕುವ ಮುಂಚೆ ಯೋಚಿಸಿ. ಈಚೆಗೆ ಬಣ್ಣ ಹಚ್ಚಿದ ಆವೃತ್ತಿಗಳನ್ನೂ ಹಳೆಯದರ ಜೊತೆ ಒಂದೇ ಅಂತ ತಿಳಿಯಬೇಡಿ.

ಅಪ್ಪನ ಚಿತ್ರ 1968ರದ್ದು, ಅಂದರೆ ಇನ್ನೂ ಹಕ್ಕಿನೊಳಗಿದೆ. ಆದರೂ ಯೂಟ್ಯೂಬಿನಲ್ಲಿ ಸಿಕ್ಕಿತು. ಹಕ್ಕುದಾರ ಕಂಪನಿಗಳೇ ಹಳೆಯ ಕನ್ನಡ ಚಿತ್ರಗಳನ್ನು ಪೂರ್ತಿಯಾಗಿ ಹಾಕಿರುತ್ತವೆ, ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ, ನಮಗೆ ಉಚಿತ. ಅಸಲಿಯೋ ಕದ್ದದ್ದೋ ಅಂತ ಗುರುತಿಸಲು ನನ್ನದೊಂದು ವಿಧಾನ ಇದೆ: ಚಿತ್ರದೊಳಗೆ ಬಸ್ಸೋ ಅಂಗಡಿಯೋ ಬರುವ ದೃಶ್ಯ ನೋಡಿ. ಬೋರ್ಡಿನ ಕನ್ನಡ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇದ್ದರೆ ಅದು ಕದ್ದದ್ದು. ಯೂಟ್ಯೂಬಿನ ಯಂತ್ರದ ಕಣ್ಣು ತಪ್ಪಿಸಲು ಚಿತ್ರವನ್ನು ಎಡ-ಬಲ ತಿರುಗಿಸುತ್ತಾರೆ, ಸುತ್ತ ಚೌಕಟ್ಟು ಹಾಕುತ್ತಾರೆ, ಧ್ವನಿಯನ್ನು ಸ್ವಲ್ಪ ಎತ್ತರಿಸುತ್ತಾರೆ. ನಾಯಕನ ದನಿ ಯಾಕೋ ಕೀರಲು ಅನ್ನಿಸಿದರೆ ಕಾರಣ ಅದೇ.

ಆದರೆ ಎಲ್ಲೂ ಸಿಗದ ಕೃತಿಗಳೂ ಇವೆ. 1934ರ ಮಾರ್ಚ್ 3ಕ್ಕೆ ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಒಂದೇ ಒಂದು ಪ್ರತಿ ಉಳಿದಿಲ್ಲ. ಯಾರಾದರೂ ಕದ್ದಾದರೂ ಒಂದು ಪ್ರತಿ ಮಾಡಿಟ್ಟಿದ್ದರೆ ಅನ್ನಿಸುತ್ತದೆ ನನಗೆ. ಇಂಗ್ಲೆಂಡಿನಲ್ಲಿ ಬಿಬಿಸಿ ತನ್ನ 'ಡಾಕ್ಟರ್ ಹೂ' ಸರಣಿಯ ಎಷ್ಟೋ ಹಳೆಯ ಕಂತುಗಳ ಟೇಪನ್ನು ತಾನೇ ಅಳಿಸಿಹಾಕಿತು. ಕಳೆದುಹೋದ ಆ ಕಂತುಗಳ ಧ್ವನಿ ಇವತ್ತು ಉಳಿದಿರುವುದು, ಅಭಿಮಾನಿಗಳು ಮನೆಯಲ್ಲಿ ಟಿವಿ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಹಿಡಿದುಕೊಂಡದ್ದರಿಂದ. ಗೇಮ್‌ಗಳ ಸ್ಥಿತಿ ಇದಕ್ಕಿಂತ ಕೆಟ್ಟದು. 2023ರಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಅಮೆರಿಕದಲ್ಲಿ ನಡೆಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಹಿಂದೆ ಅಲ್ಲಿ ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಈಗ ಮಾರಾಟದಲ್ಲೇ ಇಲ್ಲ. ದುಡ್ಡು ಹಿಡಿದು ನಿಂತರೂ ಕೊಡುವವರಿಲ್ಲ.

ಇಂಥದ್ದನ್ನು ಇಳಿಸಿಕೊಳ್ಳುವುದು ಕಾನೂನಿನ ಪ್ರಕಾರ ಹೊಸ ಚಿತ್ರ ಕದ್ದಷ್ಟೇ ತಪ್ಪು. ಅರವತ್ತು ವರ್ಷ ಮುಗಿಯುವವರೆಗೆ ಹಕ್ಕುದಾರ ಬದುಕಿದ್ದಾನೋ ಇಲ್ಲವೋ, ಮಾರುತ್ತಿದ್ದಾನೋ ಇಲ್ಲವೋ, ಕಾಯ್ದೆ ಕೇಳುವುದಿಲ್ಲ. ನನ್ನ ಮನಸ್ಸಿನಲ್ಲಿ ಮಾತ್ರ ಎರಡೂ ಒಂದೇ ತಕ್ಕಡಿಗೆ ಬರುವುದಿಲ್ಲ. ನಿನ್ನೆ ಬಂದ ಚಿತ್ರ ಕದ್ದರೆ ಒಬ್ಬನ ಊಟಕ್ಕೆ ಕೈ ಹಾಕಿದಂತೆ. ಮಾರುವವನೇ ಇಲ್ಲದ ಮೂವತ್ತು ವರ್ಷದ ಹಳೆಯ ಗೇಮನ್ನು ಯಾರೋ ಉಳಿಸಿಟ್ಟರೆ ಯಾರ ತಟ್ಟೆಯಿಂದಲೂ ಏನೂ ಹೋಗುವುದಿಲ್ಲ. ಗ್ರಂಥಾಲಯ, ಸಂಗ್ರಹಾಲಯಗಳಿಗೆ ಇಂಥವನ್ನು ಇಟ್ಟುಕೊಂಡು ಎರವಲು ಕೊಡುವ ಸ್ಪಷ್ಟ ಹಕ್ಕನ್ನು ಕಾಯ್ದೆಯಲ್ಲಿ ಬರೆಯಬೇಕು. ಅಲ್ಲಿಯವರೆಗೆ ನನ್ನ ಸಲಹೆ: ಮೊದಲು ಹಕ್ಕುದಾರರನ್ನು ಹುಡುಕಿ ಕೇಳಿ. ಹಳೆಯ ಕನ್ನಡ ನಿರ್ಮಾಪಕರ ಮನೆಯವರು ಎಷ್ಟೋ ಸಲ ಕೇಳಿದವರಿಗೆ ಸಂತೋಷದಿಂದ ಉತ್ತರಿಸುತ್ತಾರೆ, ಯಾರೂ ಕೇಳಿರುವುದಿಲ್ಲ ಅಷ್ಟೇ.

ಇನ್ನು ನಿಮ್ಮ ಮನೆಯಲ್ಲೇ ಇರುವುದನ್ನು ಮರೆಯಬೇಡಿ. ನಮ್ಮ ಅಟ್ಟದಲ್ಲಿ ಅಪ್ಪ ಎಂಬತ್ತರ ದಶಕದ ಕೊನೆಯಲ್ಲಿ ದೂರದರ್ಶನದಿಂದ ರೆಕಾರ್ಡ್ ಮಾಡಿದ ಹನ್ನೊಂದು ವಿಎಚ್‌ಎಸ್ ಕ್ಯಾಸೆಟ್ ಇದ್ದವು, ನಾಲ್ಕಕ್ಕೆ ಬಿಳಿ ಬೂಷ್ಟು ಹಿಡಿದಿತ್ತು. ಸ್ವಂತ ಖಾಸಗಿ ಬಳಕೆಗೆ ಇಟ್ಟುಕೊಂಡದ್ದು ಕಾಯ್ದೆಯ ವಿನಾಯಿತಿಯೊಳಗೆ ಬರುತ್ತದೆ ಅಂತ ವಾದಿಸಬಹುದು; ಯೂಟ್ಯೂಬಿಗೆ ಹಾಕಿದರೆ ಹೊರಗೆ. ಬೂಷ್ಟು ಹಿಡಿದ ಟೇಪನ್ನು ಪ್ಲೇಯರಿಗೆ ಹಾಕಬೇಡಿ, ಹೆಡ್ ಕೆಟ್ಟು ಮುಂದಿನ ಟೇಪಿಗೂ ಅಂಟುತ್ತದೆ. ಡಿಜಿಟಲ್ ಮಾಡಿಕೊಡುವ ಸ್ಟುಡಿಯೋಗಳು ಬೆಂಗಳೂರು, ಮೈಸೂರಿನಲ್ಲಿ ಇನ್ನೂ ಕೆಲವಿವೆ, ಕ್ಯಾಸೆಟ್ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ. ಏಳು ಕ್ಯಾಸೆಟ್ ಉಳಿದವು. ಐದನೆಯದರಲ್ಲಿ ಧಾರಾವಾಹಿ ಮುಗಿದ ಮೇಲೆ ನಲವತ್ತು ಸೆಕೆಂಡು ವಾರ್ತೆ ಇದೆ, ಆಮೇಲೆ ಅಪ್ಪ ಯಾವ ಬಟನ್ ಒತ್ತಿದರೋ, ನಮ್ಮ ಹಳೆಯ ಮನೆಯ ಹಜಾರದಲ್ಲಿ ಅಜ್ಜಿ ಯಾರನ್ನೋ ಕರೆಯುವ ಧ್ವನಿ ಮಾತ್ರ ಬರುತ್ತದೆ. ಆ ಫೈಲಿನ ಮೂರು ಪ್ರತಿ ಮಾಡಿ ಮೂರು ಮನೆಯಲ್ಲಿ ಇಟ್ಟಿದ್ದೇವೆ.